ಅಳೆಯದ ಅಳತೆಗೆ ಸಹಿ, ಆಯುಧ ಪೂಜೆಯ ಆರತಿ: ಕಾರ್ಖಾನೆಯಲ್ಲಿ ಕ್ರೈಸ್ತನಾಗಿ ಬಾಳುವುದು ಹೇಗೆ?

ಪ್ರಶ್ನೆ: ಪೀಣ್ಯದ ಇನ್ಸ್‌ಪೆಕ್ಟರ್

ಎಲ್ಲರಿಗೂ ವಂದನೆಗಳು. ನಾನು ಬೆಂಗಳೂರಿನ ಪೀಣ್ಯದಲ್ಲಿ ಗೇರ್‌ಬಾಕ್ಸ್‌ಗಳಿಗೆ ಬೇಕಾದ ಶಾಫ್ಟ್‌ಗಳನ್ನು ತಯಾರಿಸಿ ಕೊಡುವ ಕಾರ್ಖಾನೆಯೊಂದರ ಗುಣಮಟ್ಟ ವಿಭಾಗದಲ್ಲಿ ಇನ್ಸ್‌ಪೆಕ್ಟರ್ ಆಗಿದ್ದೇನೆ. ಸಿ.ಎಸ್.ಐ. (ದಕ್ಷಿಣ ಭಾರತದ ಪ್ರೊಟೆಸ್ಟಂಟ್ ಚರ್ಚ್) ಸಭೆಯಲ್ಲಿ ಬೆಳೆದವನು. ಭಾನುವಾರ ಆರಾಧನೆಯಲ್ಲಿ ಕೇಳಿದ ಮಾತಿನಂತೆ ಸೋಮವಾರದ ಶಿಫ್ಟಿನಲ್ಲಿ ನಡೆದುಕೊಳ್ಳುವುದು ಈಚೆಗೆ ನಿಜಕ್ಕೂ ಕಷ್ಟವಾಗುತ್ತಿದೆ. ಮೂರು ವಿಷಯಗಳಲ್ಲಿ ನಿಮ್ಮ ಸಲಹೆ ಬೇಕಾಗಿದೆ.

ಮೊದಲನೆಯದು ಸಹಿಯ ವಿಷಯ. ನಮ್ಮಲ್ಲಿ ತಯಾರಾಗುವ ಒಂದು ಶಾಫ್ಟಿನಲ್ಲಿ ಬೇರಿಂಗ್ ಕೂರುವ ಭಾಗದ ವ್ಯಾಸ 25.000 ಮಿ.ಮೀ.ಗಿಂತ ಹೆಚ್ಚಿರಬಾರದು, 24.987ಕ್ಕಿಂತ ಕಡಿಮೆಯೂ ಇರಬಾರದು. 500 ಶಾಫ್ಟ್‌ಗಳ ಲಾಟ್ ಬಂದರೆ ಅವುಗಳಲ್ಲಿ 50ನ್ನು ಮೈಕ್ರೋಮೀಟರಿನಿಂದ ಅಳೆದು, ಒಂದೊಂದರ ಅಳತೆಯನ್ನೂ ವರದಿಯಲ್ಲಿ ಬರೆದು, ಸಹಿ ಮಾಡಿ ಸರಕಿನ ಜೊತೆ ಕಳುಹಿಸಬೇಕೆಂಬುದು ಗ್ರಾಹಕರೊಂದಿಗಿನ ಒಪ್ಪಂದ. ತಿಂಗಳ ಕೊನೆಯಲ್ಲಿ ಡಿಸ್ಪ್ಯಾಚ್ ಒತ್ತಡ ಹೆಚ್ಚಾದಾಗ ಐದಾರನ್ನು ಅಳೆದು, ಉಳಿದ ಸಾಲುಗಳಲ್ಲಿ 24.992, 24.994, 24.991 ಎಂದು ಮನಸ್ಸಿಗೆ ಬಂದ ಅಂಕಿಗಳನ್ನು ತುಂಬಿಬಿಡುವುದು ಇಲ್ಲಿ ರೂಢಿಯಾಗಿದೆ. ಕಳೆದ ತಿಂಗಳ ಕೊನೆಯ ಲಾಟಿನಲ್ಲಿ ನಾನು ಅಳೆದ ಕೆಲವು ಶಾಫ್ಟ್‌ಗಳು 24.984 ತೋರಿಸಿದವು, ಅಂದರೆ ಕೆಳಮಿತಿಗಿಂತ ಮೂರು ಮೈಕ್ರಾನ್ ಕಡಿಮೆ (ಒಂದು ಮೈಕ್ರಾನ್ ಎಂದರೆ ಮಿ.ಮೀ.ನ ಸಾವಿರದಲ್ಲೊಂದು ಭಾಗ). "ಮೂರು ಮೈಕ್ರಾನಿಗೆ ಯಾರೂ ಸಾಯುವುದಿಲ್ಲ, ಸಹಿ ಹಾಕು" ಎಂದು ಮೇಲಿನವರು ಹೇಳಿದರು. ನಾನು ಹಾಕಲಿಲ್ಲ. ಬೇರೊಬ್ಬರು ಹಾಕಿದರು, ಲಾರಿ ಹೊರಟಿತು. ಅಂದಿನಿಂದ ಕೆಲವರು ನನ್ನನ್ನು 'ಪಾದ್ರಿ' ಎಂದು ಕರೆಯತೊಡಗಿದ್ದಾರೆ. ಮುಂದಿನ ತಿಂಗಳ ಕೊನೆಯಲ್ಲಿಯೂ ಇದೇ ಪ್ರಸಂಗ ಬರುವುದು ಖಚಿತ. ಮನೆಯ ಸಾಲದ ಕಂತು ನನ್ನ ಸಂಬಳದಿಂದಲೇ ಹೋಗಬೇಕು.

ಎರಡನೆಯದು ಆಯುಧ ಪೂಜೆ. ಯಂತ್ರಗಳನ್ನು ತೊಳೆದು, ಬಾಳೆಕಂದು ಕಟ್ಟಿ, ಬೂದುಗುಂಬಳಕಾಯಿ ಒಡೆದು, ಎಲ್ಲರೂ ಸಂತೋಷದಿಂದ ಕೂಡುವ ದಿನವದು. ಮೈಕ್ರೋಮೀಟರ್, ಗೇಜ್‌ಗಳೆಲ್ಲ ನನ್ನ ವಶದಲ್ಲಿರುವುದರಿಂದ ಅವುಗಳಿಗೆ ಅರಿಸಿನ ಕುಂಕುಮ ಹಚ್ಚಿ ನೀವೇ ಆರತಿ ಎತ್ತಬೇಕೆಂದು ಈ ಸಲ ಹೇಳಿದ್ದಾರೆ. ಅವರು ಇದನ್ನು ಗೌರವವೆಂದೇ ಭಾವಿಸಿ ಕೊಟ್ಟಿದ್ದಾರೆ, ಅದರಲ್ಲಿ ನನಗೆ ಸಂಶಯವಿಲ್ಲ.

ಮೂರನೆಯದು ಮಾತಿನ ವಿಷಯ. ಊಟದ ಹೊತ್ತಿನಲ್ಲಿ ಸುವಾರ್ತೆಯ ಕರಪತ್ರ ಹಂಚುವುದೇ ನಿಜವಾದ ಸಾಕ್ಷಿಯೆಂದು ನಮ್ಮ ಯೌವನಸ್ಥರ ಕೂಟದ ಗೆಳೆಯರೊಬ್ಬರು ಹೇಳುತ್ತಾರೆ. ನನಗೆ ಹಾಗೆ ಅನ್ನಿಸುವುದಿಲ್ಲ. ಆದರೆ ಬಾಯಿ ಮುಚ್ಚಿಕೊಂಡೇ ಇರುವುದು ಹೇಡಿತನವೇನೋ ಎಂಬ ಅಳುಕೂ ಇದೆ. ಗ್ರೈಂಡಿಂಗ್ ವಿಭಾಗದ ಆಪರೇಟರ್ ಒಬ್ಬರು ತಾವಾಗಿಯೇ ಬಂದು, "ನನ್ನ ಹೆಂಡತಿಗೆ ಆಪರೇಷನ್ ಇದೆ, ನೀವು ಪ್ರಾರ್ಥನೆ ಮಾಡುವವರಂತೆ, ಅವಳಿಗೋಸ್ಕರ ಮಾಡಿ" ಎಂದರು. ಮಾಡುತ್ತೇನೆ ಎಂದೆ. ಅಲ್ಲೇ ನಿಂತು ಮಾಡಬೇಕಿತ್ತೇ, ಮನೆಯಲ್ಲಿ ಮಾಡಿದರೆ ಸಾಕೇ, ತಿಳಿಯಲಿಲ್ಲ.

ಉತ್ತರ: ನಿವೃತ್ತ ಸಭಾಪಾಲಕ, ಮಂಗಳೂರು

ಸಹೋದರರೇ, ಕರ್ತನ ನಾಮದಲ್ಲಿ ವಂದನೆಗಳು. ನಿಮ್ಮ ಮೂರು ಪ್ರಶ್ನೆಗಳಲ್ಲಿ ಮೊದಲನೆಯದೇ ಮುಖ್ಯವೆಂದು ನಾನು ಎಣಿಸುತ್ತೇನೆ. ನಮ್ಮ ಸಭೆಗಳಲ್ಲಿ ಎರಡನೆಯ ಮತ್ತು ಮೂರನೆಯ ಪ್ರಶ್ನೆಗಳ ಮೇಲೆ ಬಹಳ ಪ್ರಸಂಗಗಳಾಗಿವೆ, ಮೊದಲನೆಯದರ ಮೇಲೆ ಆಗಿರುವುದು ತೀರ ಕಡಿಮೆ. ಆದರೆ ದೇವರ ವಾಕ್ಯ ಈ ವಿಷಯದಲ್ಲಿ ಮೌನವಾಗಿಲ್ಲ. ಯಾಜಕಕಾಂಡದ 19ನೆಯ ಅಧ್ಯಾಯದಲ್ಲಿ ನೆರೆಯವನನ್ನು ನಿನ್ನಂತೆಯೇ ಪ್ರೀತಿಸಬೇಕೆಂಬ ಆಜ್ಞೆ ಇದೆಯಷ್ಟೆ. ಅದೇ ಅಧ್ಯಾಯದ ಕೊನೆಯಲ್ಲಿ ಅಳತೆಯಲ್ಲಿ, ತೂಕದಲ್ಲಿ, ಪರಿಮಾಣದಲ್ಲಿ ಅನ್ಯಾಯ ಮಾಡಬಾರದೆಂಬ ಆಜ್ಞೆಯೂ ಇದೆ. ನೆರೆಯವನ ಮೇಲಿನ ಪ್ರೀತಿಯನ್ನೂ ಸರಿಯಾದ ತಕ್ಕಡಿಯನ್ನೂ ಒಂದೇ ಉಸಿರಿನಲ್ಲಿ ಹೇಳಿದ ಆ ಅಧ್ಯಾಯವನ್ನು ಓದಿದವರು ಮೈಕ್ರೋಮೀಟರ್ ಹಿಡಿದಿರುವ ನಿಮ್ಮ ಕೈಯನ್ನು ಲೌಕಿಕವೆಂದು ಬದಿಗೆ ಸರಿಸಲಾರರು. ದೀಕ್ಷಾಸ್ನಾನಕ್ಕೆ ಬಂದ ಸುಂಕದವರು "ನಾವೇನು ಮಾಡಬೇಕು" ಎಂದು ಕೇಳಿದಾಗ ಸ್ನಾನಿಕನಾದ ಯೋಹಾನನು ಅವರಿಗೆ ಸುಂಕದ ಕಟ್ಟೆಯನ್ನು ಬಿಟ್ಟುಬಿಡಿರೆಂದು ಹೇಳಲಿಲ್ಲ, ಗೊತ್ತುಮಾಡಿದ್ದಕ್ಕಿಂತ ಹೆಚ್ಚು ವಸೂಲಿ ಮಾಡಬೇಡಿರೆಂದ. ಅಂದರೆ ಮಾನಸಾಂತರದ ಫಲವನ್ನು ಅವರು ಅದೇ ಕಟ್ಟೆಯ ಮೇಲೆ ಕುಳಿತು ತೋರಿಸಬೇಕಾಗಿತ್ತು.

ನಾನು ಮಂಗಳೂರಿನವನಾದ್ದರಿಂದ ನಮ್ಮೂರಿನ ಒಂದು ಸಂಗತಿಯನ್ನು ಹೇಳದೆ ಇರಲಾರೆ. 1834ರಲ್ಲಿ ಸ್ವಿಟ್ಜರ್ಲೆಂಡಿನಿಂದ ಇಲ್ಲಿಗೆ ಬಂದ ಬಾಸೆಲ್ ಮಿಷನ್ನಿನವರು ಶಾಲೆ, ಮುದ್ರಣಾಲಯಗಳ ಜೊತೆಗೆ ನೇಯ್ಗೆಯ ಮಗ್ಗಗಳನ್ನೂ ಹೆಂಚಿನ ಕಾರ್ಖಾನೆಯನ್ನೂ ಕಟ್ಟಿದರು. ಕ್ರೈಸ್ತರಾದವರಲ್ಲಿ ಅನೇಕರು ಮನೆ, ಗೇಣಿಭೂಮಿ, ಕುಲಕಸುಬು ಎಲ್ಲವನ್ನೂ ಕಳೆದುಕೊಂಡಿದ್ದರು. ಕಳ್ಳು ಇಳಿಸುತ್ತಿದ್ದವರು ಆ ಕಸುಬನ್ನು ತಾವೇ ಬಿಡಬೇಕಾಗಿತ್ತು. ಅವರಿಗೆ ದುಡಿಮೆ ಬೇಕಾಗಿತ್ತೆಂಬುದು ಒಂದು ಕಾರಣ. ಇನ್ನೊಂದು ಕಾರಣ, ಪ್ರೊಟೆಸ್ಟಂಟ್ ಸುಧಾರಣೆಯನ್ನು ಆರಂಭಿಸಿದ ಲೂಥರನ ಕಾಲದಿಂದ ಬಂದ ಬೋಧನೆ: ಗುರುವಿನ ಕೆಲಸ ಮಾತ್ರವಲ್ಲ, ಕಮ್ಮಾರನದೂ ಚಮ್ಮಾರನದೂ ದೇವರೇ ಕರೆದು ಕೊಟ್ಟ ಕೆಲಸವೆಂಬ ನಂಬಿಕೆ. ಯಂತ್ರಕೆಲಸ ಬಲ್ಲ ಜಾರ್ಜ್ ಪ್ಲೆಬ್ಸ್ಟ್ ನೇತ್ರಾವತಿಯ ಜೇಡಿಮಣ್ಣನ್ನು ಪರೀಕ್ಷಿಸಿ 1865ರಲ್ಲಿ ಹೆಂಚಿನ ಕಾರ್ಖಾನೆ ಆರಂಭಿಸಿದರು. ಆ ಹೆಂಚಿನ ಮೇಲೆ ಮಿಷನ್ನಿನ ಹೆಸರು ಅಚ್ಚಾಗಿರುತ್ತಿತ್ತು. ಹೆಂಚು ಸೋರಿದರೆ ಆ ಹೆಸರಿಗೇ ಕುಂದು ಬರುತ್ತಿತ್ತು. ಇಂದಿಗೂ ಕರಾವಳಿಯ ಹಳೆಯ ಮನೆಗಳ ಮಾಡಿನಿಂದ ಇಳಿಸಿದ ಹೆಂಚನ್ನು ತಿರುಗಿಸಿ ನೋಡಿದರೆ ಆ ಅಕ್ಷರಗಳು ಕಾಣಸಿಗುತ್ತವೆ.

ಆ ಕಾಲವನ್ನು ನಾನು ಬರಿದೇ ಹೊಗಳುವುದಿಲ್ಲ. ಸಭೆಯೂ ಧಣಿಯೂ ಒಂದೇ ಆದಾಗ ಕೆಲಸಗಾರನಿಗೆ ಉಸಿರಾಡುವ ಜಾಗ ಕಡಿಮೆಯಾಗುತ್ತದೆ. ಅನ್ನಕ್ಕೂ ವಿಶ್ವಾಸಕ್ಕೂ ಒಂದೇ ಬಾಗಿಲಿದ್ದರೆ ವಿಶ್ವಾಸ ಎಷ್ಟು ಸ್ವತಂತ್ರ ಎಂಬ ಪ್ರಶ್ನೆ ಏಳುತ್ತದೆ. ಈ ದೃಷ್ಟಿಯಿಂದ ನಿಮ್ಮ ಸ್ಥಿತಿ ಉತ್ತಮವೆಂದೇ ಹೇಳಬೇಕು. ನಿಮ್ಮ ವಿಶ್ವಾಸಕ್ಕೆ ಯಾರೂ ಸಂಬಳ ಕೊಡುತ್ತಿಲ್ಲ.

'ಪಾದ್ರಿ' ಎಂದು ಕರೆದದ್ದಕ್ಕೆ ನೊಂದುಕೊಳ್ಳಬೇಡಿರಿ. ಪರದೇಶದ ಅರಸರ ಸೇವೆಯಲ್ಲಿದ್ದ ದಾನಿಯೇಲನ ಹಗೆಗಳು ರಾಜ್ಯಭಾರದ ಕೆಲಸದಲ್ಲಿ ಅವನ ಮೇಲೆ ತಪ್ಪು ಹೊರಿಸಲು ಹುಡುಕಿ ಏನೂ ಸಿಕ್ಕದೆ ಸೋತರೆಂದು ಅವನ ಗ್ರಂಥದ 6ನೆಯ ಅಧ್ಯಾಯ ಹೇಳುತ್ತದೆ. ಅವನ ಪ್ರಾರ್ಥನೆಯ ವಿಷಯ ಎದ್ದದ್ದು ಆಮೇಲೆ.

ಉತ್ತರ: ನಿವೃತ್ತ ಕ್ವಾಲಿಟಿ ಎಂಜಿನಿಯರ್, ಬೆಂಗಳೂರು

ತಮ್ಮಾ, ಅಯ್ಯನವರು ಹೇಳಿದ್ದಕ್ಕೆ ಕೆಲಸದ ಕಡೆಯಿಂದ ಕೆಲವು ಮಾತು ಸೇರಿಸುತ್ತೇನೆ. ಸಹಿ ಹಾಕದೆ ನಿಂತದ್ದು ಸರಿ. ಆದರೆ "ಹಾಕುವುದಿಲ್ಲ" ಎನ್ನುವುದರೊಂದಿಗೆ ನಿಮ್ಮ ಕರ್ತವ್ಯ ಮುಗಿಯುವುದಿಲ್ಲ. ನೀವು ಸುಮ್ಮನೆ ಹಿಂದೆ ಸರಿದರೆ ಬೇರೊಬ್ಬರು ಸಹಿ ಹಾಕುತ್ತಾರೆ, ಆ ಶಾಫ್ಟ್ ಹೇಗೂ ಹೋಗುತ್ತದೆ, ಹೋಗಿಯೂ ಆಯಿತು.

ಮೊದಲಿಗೆ ಆ ಮೂರು ಮೈಕ್ರಾನ್ ಏಕೆ ಕಡಿಮೆಯಾಯಿತೆಂದು ನೋಡಿ. ಗ್ರೈಂಡಿಂಗ್ ಮುಗಿದ ಕೂಡಲೇ ಶಾಫ್ಟ್ ಬಿಸಿಯಾಗಿರುತ್ತದೆ. 25 ಮಿ.ಮೀ. ವ್ಯಾಸದ ಉಕ್ಕು ಹತ್ತು ಡಿಗ್ರಿ ಹೆಚ್ಚು ಬಿಸಿಯಿದ್ದರೆ ಸುಮಾರು ಮೂರು ಮೈಕ್ರಾನಿನಷ್ಟು ದಪ್ಪವಾಗಿ ಕಾಣುತ್ತದೆ. ಆಪರೇಟರ್ ಅದನ್ನು ಬಿಸಿಯಲ್ಲೇ ಅಳೆದು, ಕೆಳಮಿತಿಗೆ ಬಂತೆಂದು ನಿಲ್ಲಿಸಿದರೆ, ತಣ್ಣಗಾದ ಮೇಲೆ ನಿಮ್ಮ ಮೇಜಿನ ಮೇಲೆ ಅದು 24.984 ತೋರಿಸುತ್ತದೆ. ಅಳತೆಗೆ ಆಧಾರವಾದ ತಾಪಮಾನ 20 ಡಿಗ್ರಿ ಸೆಲ್ಸಿಯಸ್ ಎಂಬುದು ನಿಮಗೆ ಗೊತ್ತಿರುವ ವಿಷಯವೇ, ಆದರೆ ಆಪರೇಟರಿಗೆ ಅದನ್ನು ಯಾರಾದರೂ ಕೂರಿಸಿಕೊಂಡು ಹೇಳಿದ್ದಾರೆಯೇ? ಯಂತ್ರದ ಪಕ್ಕದಲ್ಲಿ ನಿಂತು, ಶಾಫ್ಟನ್ನು ತಣಿಸಿ ಅಳೆಯುವ ಪದ್ಧತಿಯನ್ನು ಹೇಳಿಕೊಟ್ಟು, ಗುರಿಯ ಅಳತೆಯನ್ನು ಮಿತಿಯ ನಡುವಿಗೆ ತಂದುಕೊಟ್ಟರೆ, ತಿಂಗಳ ಕೊನೆಯ ಜಗಳದಲ್ಲಿ ಅರ್ಧ ಹುಟ್ಟುವುದೇ ಇಲ್ಲ. ಇದನ್ನು ನಾನು ಬರಿಯ ತಾಂತ್ರಿಕ ಸಲಹೆಯಾಗಿ ಹೇಳುತ್ತಿಲ್ಲ. ಜೊತೆಯವನು ತಪ್ಪು ಮಾಡದಂತೆ ನೆರವಾಗುವುದು, ಅವನು ತಪ್ಪು ಮಾಡಿದ ಮೇಲೆ ಕೆಂಪು ಚೀಟಿ ಅಂಟಿಸುವುದಕ್ಕಿಂತ ದೊಡ್ಡ ಪ್ರೀತಿ.

ಎರಡನೆಯದಾಗಿ, ವ್ಯಾಸ ಹೆಚ್ಚಿದ್ದರೆ ಮತ್ತೆ ಗ್ರೈಂಡ್ ಮಾಡಬಹುದು; ಕಡಿಮೆಯಾದದ್ದನ್ನು ಹಾಗೆ ಸರಿಪಡಿಸಲಾಗದು. ಅಂಥ ಲಾಟನ್ನು ಬೇರೆ ಇಟ್ಟು, "ಇಷ್ಟು ಶಾಫ್ಟ್‌ಗಳಲ್ಲಿ ಇಂಥ ಅಳತೆ ಇಷ್ಟು ಕಡಿಮೆಯಿದೆ, ಇದನ್ನು ಸ್ವೀಕರಿಸುವಿರಾ" ಎಂದು ಗ್ರಾಹಕರಿಗೇ ಬರೆದು ಕೇಳುವ ಡೀವಿಯೇಷನ್ ಪದ್ಧತಿ ಎಲ್ಲ ಒಳ್ಳೆಯ ಕಾರ್ಖಾನೆಗಳಲ್ಲೂ ಇದೆ. ಕೆಲವು ಸಲ ಅವರು ಒಪ್ಪುತ್ತಾರೆ, ಕೆಲವು ಸಲ ಇಲ್ಲ. ಬೇರಿಂಗಿನ ಒಳಬಳೆ ಶಾಫ್ಟಿನ ಮೇಲೆ ಸಡಿಲವಾಗಿ ಕೂತರೆ ಅದು ನಿಧಾನವಾಗಿ ಜಾರಿ ತಿರುಗುತ್ತ ಶಾಫ್ಟನ್ನು ಸವೆಸುತ್ತದೆ, ಬಿಸಿಯೇರಿಸುತ್ತದೆ. ಮೂರು ಮೈಕ್ರಾನಿಗೆ ಏನಾಗುತ್ತದೆ ಎಂಬುದನ್ನು ನಿರ್ಣಯಿಸಬೇಕಾದವರು ಗೇರ್‌ಬಾಕ್ಸನ್ನು ವಿನ್ಯಾಸ ಮಾಡಿದವರು. ನಿಮ್ಮ ಮೇಲಧಿಕಾರಿಯೂ ಅಲ್ಲ, ನೀವೂ ಅಲ್ಲ.

ತನ್ನ ಧರ್ಮಕ್ಕೆ ಒಪ್ಪದ ಅರಸನ ಭೋಜನದ ವಿಷಯದಲ್ಲಿ ದಾನಿಯೇಲ ಏನು ಮಾಡಿದನೆಂಬುದು ನನಗೆ ಯಾವಾಗಲೂ ಮಾದರಿ. ಅವನು ತಟ್ಟೆಯನ್ನು ತಳ್ಳಿ ಎದ್ದು ಹೋಗಲಿಲ್ಲ. ವಿಚಾರಕನ ಬಳಿಗೆ ಹೋಗಿ, ಅವನಿಗಿದ್ದ ಅರಸನ ಭಯವನ್ನೂ ಅರಿತುಕೊಂಡು, ಹತ್ತು ದಿನ ಕಾಯಿಪಲ್ಯ ಕೊಟ್ಟು ಪರೀಕ್ಷಿಸಿ ನೋಡಬೇಕೆಂದು ವಿನಯದಿಂದ ಕೇಳಿಕೊಂಡ. ನಿಮ್ಮ ಮೇಲಧಿಕಾರಿಗೂ ಒಬ್ಬ ಅರಸನಿದ್ದಾನೆ, ಅವರಿಗೂ ಭಯವಿದೆ. ಆ ಭಯಕ್ಕೊಂದು ದಾರಿ ತೋರಿಸುವ ಕಾಗದವನ್ನು ಸಿದ್ಧಮಾಡಿಕೊಂಡು ಅವರ ಕೋಣೆಗೆ ಹೋಗಿ.

ಉತ್ತರ: ದಾದಿ, ಶಿವಮೊಗ್ಗ

ನಾನು ಕಥೋಲಿಕಳು, ಸರ್ಕಾರಿ ಆಸ್ಪತ್ರೆಯಲ್ಲಿ ಶುಶ್ರೂಷಾಧಿಕಾರಿ. ಅಳೆಯದೆ ಅಂಕಿ ತುಂಬುವ ಮಾತು ಓದಿದಾಗ ನಮ್ಮ ವಾರ್ಡೇ ಕಣ್ಣಮುಂದೆ ಬಂತು. ಪ್ರಜ್ಞೆಯಿಲ್ಲದೆ ಮಲಗಿರುವ ರೋಗಿಗೆ ಬೆನ್ನುಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ ಚಾರ್ಟಿನಲ್ಲಿ ಬರೆಯಬೇಕು. ರಾತ್ರಿ ಪಾಳಿಯಲ್ಲಿ, ನಾಲ್ಕು ಗಂಟೆಯ ಹೊತ್ತಿಗೆ, ಇಡೀ ವಾರ್ಡಿಗೆ ಇಬ್ಬರೇ ಇರುವಾಗ, ಮಗ್ಗುಲು ಬದಲಿಸದೆಯೇ "ಎಡಮಗ್ಗುಲು" ಎಂದು ಬರೆದುಬಿಡುವುದು ಎಷ್ಟು ಸುಲಭವೆಂದು ನಮ್ಮವರಿಗೆಲ್ಲ ಗೊತ್ತು. ರೋಗಿ ದೂರುವುದಿಲ್ಲ, ವೈದ್ಯರು ಬೆಳಿಗ್ಗೆ ಚಾರ್ಟ್ ನೋಡಿ ಮುಂದೆ ಹೋಗುತ್ತಾರೆ. ಹುಣ್ಣು ಕಾಣಿಸುವುದು ಕೆಲವು ದಿನಗಳ ನಂತರ, ಟೊಂಕದ ಕೆಳಗೆ ಕೆಂಪಾದ ಚರ್ಮ ಒತ್ತಿದರೂ ಬೆಳ್ಳಗಾಗದೆ ಉಳಿದಾಗ. ಕುತ್ತಿಗೆಯಲ್ಲಿ ಜಪಸರ ಹಾಕಿಕೊಂಡವಳು ನಾನೆಂದು ಆ ರೋಗಿಗೆ ತಿಳಿಯದು. ಆದರೆ ಆ ಹೊತ್ತಿನಲ್ಲಿ ನನ್ನ ವಿಶ್ವಾಸ ಇರುವುದು ಅವರ ಬೆನ್ನಿನ ಕೆಳಗೆ ಕೈಹಾಕಿ ಎತ್ತುವುದರಲ್ಲಿಯೇ ಎಂದು ನಾನು ಪೂರ್ಣವಾಗಿ ನಂಬುತ್ತೇನೆ.

ಪ್ರಾರ್ಥನೆಯ ಬಗ್ಗೆ ಕೇಳಿದಿರಿ. ಹಾಸಿಗೆ ಹಿಡಿದವರು ನಮ್ಮ ಕೈಯಲ್ಲಿರುತ್ತಾರೆ. ಔಷಧಿ, ನೀರು, ನೋವಿನ ಇಂಜೆಕ್ಷನ್ ಎಲ್ಲವೂ ನಮ್ಮಿಂದಲೇ ಆಗಬೇಕು. ಅಂಥವರ ಮುಂದೆ ನಾನಾಗಿ ಧರ್ಮದ ಮಾತು ಎತ್ತಿದರೆ ಬೇಡವೆನ್ನುವ ಸ್ವಾತಂತ್ರ್ಯ ಅವರಿಗೆ ಇರುವುದಿಲ್ಲ. ಆದ್ದರಿಂದ ನಾನು ಎತ್ತುವುದಿಲ್ಲ. ಅವರೇ ಕೇಳಿದರೆ ಹಿಂಜರಿಯುವುದೂ ಇಲ್ಲ: ಕೈ ಹಿಡಿದು, ಎರಡು ಮಾತಿನಲ್ಲಿ, ಪಕ್ಕದ ಹಾಸಿಗೆಗೆ ಕೇಳಿಸದ ದನಿಯಲ್ಲಿ ಪ್ರಾರ್ಥಿಸುತ್ತೇನೆ. ತಮ್ಮ ದೇವರ ತೀರ್ಥವನ್ನೋ ವಿಭೂತಿಯನ್ನೋ ತರಿಸಿಕೊಳ್ಳಬೇಕೆಂದು ಕೇಳುವವರಿಗೆ ಅದಕ್ಕೂ ವ್ಯವಸ್ಥೆ ಮಾಡಿಕೊಡುತ್ತೇನೆ. ನಿಮ್ಮ ಆಪರೇಟರ್ ತಾವಾಗಿಯೇ ಬಂದು ಕೇಳಿದ್ದಾರೆ. ಆಪರೇಷನ್ ದಿನ ಯಾವುದೆಂದು ತಿಳಿದುಕೊಂಡು, ಹೆಂಡತಿಯ ಹೆಸರು ಕೇಳಿ, ಅವರು ಬಯಸಿದರೆ ಅಲ್ಲೇ ಪ್ರಾರ್ಥಿಸಿ. ಆಮೇಲೆ ರಕ್ತ ಬೇಕಾಗಿದೆಯೇ, ಮಕ್ಕಳನ್ನು ನೋಡಿಕೊಳ್ಳಲು ಯಾರಿದ್ದಾರೆ ಎಂದು ವಿಚಾರಿಸುವುದನ್ನು ಮರೆಯಬೇಡಿ.

ನೀವು ಕೇಳದಿದ್ದರೂ ಭಾನುವಾರದ ಪಾಳಿಯ ಬಗ್ಗೆ ಒಂದು ಮಾತು. ನಮ್ಮ ಧರ್ಮಸಭೆಯಲ್ಲಿ ಶನಿವಾರ ಸಂಜೆಯ ಬಲಿಪೂಜೆಯಲ್ಲಿ (ಚರ್ಚಿನ ಮುಖ್ಯ ಆರಾಧನೆಯಲ್ಲಿ) ಭಾಗವಹಿಸಿದರೂ ಭಾನುವಾರದ ಕರ್ತವ್ಯ ನೆರವೇರುತ್ತದೆ. ಹೀಗಾಗಿ ಭಾನುವಾರದ ಡ್ಯೂಟಿಯನ್ನು ಸದಾ ಬೇರೆಯವರ ಮೇಲೆ ಹಾಕುವುದು ನನಗೆ ಸರಿಕಾಣುವುದಿಲ್ಲ. ಕ್ರಿಸ್‌ಮಸ್ ದಿನ ರಜೆ ಬೇಕೆಂದು ಕೇಳುವ ನಾನು ಯುಗಾದಿಯಂದೂ ರಂಜಾನ್ ಹಬ್ಬದಂದೂ ಜೊತೆಯವರ ಪಾಳಿಯನ್ನು ಕೇಳಿ ಪಡೆಯುತ್ತೇನೆ.

ಉತ್ತರ: ವಿಶ್ವಾಸಿ, ಕೋಲಾರ

ಹಿರಿಯರು ಆಯುಧ ಪೂಜೆಯ ಪ್ರಶ್ನೆಯನ್ನು ಪಕ್ಕಕ್ಕೆ ಸರಿಸಿದ್ದಾರೆಂದು ನನಗೆ ಅನ್ನಿಸಿತು. ಸಹೋದರರೇ, ಆರತಿ ಎತ್ತಬೇಡಿ. ಪ್ರಸಾದವನ್ನೂ ತೆಗೆದುಕೊಳ್ಳಬೇಡಿ. ಅಂಗಡಿಯಲ್ಲಿ ಮಾರುವ ಮಾಂಸವನ್ನು ವಿಚಾರಿಸದೆ ತಿನ್ನಬಹುದೆಂದು ಹೇಳಿದ ಪೌಲನೇ, ಇದು ನೈವೇದ್ಯವಾದದ್ದೆಂದು ಯಾರಾದರೂ ತಿಳಿಸಿದರೆ ತಿನ್ನಬೇಡಿರೆಂದು ಕೊರಿಂಥದವರಿಗೆ ಬರೆದ ಮೊದಲನೆಯ ಪತ್ರದ 10ನೆಯ ಅಧ್ಯಾಯದಲ್ಲಿ ಹೇಳಿದ್ದಾನೆ. ಅರಸನ ಪ್ರತಿಮೆಗೆ ಅಡ್ಡಬೀಳದೆ ಬೆಂಕಿಯ ಆವಿಗೆಗೆ ಬಿದ್ದ, ದಾನಿಯೇಲನ ಜೊತೆಯವರಾದ ಆ ಮೂವರು ಯುವಕರೂ ಸರ್ಕಾರಿ ಅಧಿಕಾರಿಗಳೇ ಆಗಿದ್ದರು. ಇಂದು ಚಿಕ್ಕದರಲ್ಲಿ ಬಾಗಿದವನು ನಾಳೆ ದೊಡ್ಡದರಲ್ಲಿಯೂ ಬಾಗುತ್ತಾನೆ. ಇದನ್ನು ನಾನು ಯಾರ ಮೇಲಿನ ದ್ವೇಷದಿಂದಲೂ ಹೇಳುತ್ತಿಲ್ಲ.

ಉತ್ತರ: ನಿವೃತ್ತ ಸಭಾಪಾಲಕ, ಮಂಗಳೂರು

ಕೋಲಾರದ ಸಹೋದರರೇ, ಆರತಿಯ ವಿಷಯದಲ್ಲಿ ನಿಮಗೂ ನನಗೂ ಭಿನ್ನಾಭಿಪ್ರಾಯವಿಲ್ಲ. ಆರಾಧನೆಯ ಕ್ರಿಯೆಯನ್ನು ಮನಸ್ಸಿಲ್ಲದೆ ಮಾಡಿದರೆ ಅದು ನಮ್ಮ ದೇವರಿಗೂ ಸಲ್ಲದು, ಅವರ ಭಕ್ತಿಗೂ ಗೌರವವಲ್ಲ. ಆದರೆ ಪ್ರಸಾದದ ವಿಷಯದಲ್ಲಿ ನಿಮ್ಮಷ್ಟು ಖಂಡಿತವಾಗಿ ಹೇಳಲು ನಾನು ಸಿದ್ಧನಿಲ್ಲ. ನೀವು ಹೇಳಿದ ಅಧ್ಯಾಯದಲ್ಲಿ ಪೌಲನು ತಿನ್ನಬೇಡಿರೆನ್ನುವುದು ತಿಳಿಸಿದವನ ಮನಸ್ಸಾಕ್ಷಿಯ ನಿಮಿತ್ತವಾಗಿ. ಅರಾಮ್ಯರ ಸೇನಾಪತಿ ನಾಮಾನನು, ತನ್ನ ಅರಸನು ರಿಮ್ಮೋನನೆಂಬ ದೇವರ ಗುಡಿಯಲ್ಲಿ ತನ್ನ ಕೈ ಊರಿಕೊಂಡು ಬಾಗುವಾಗ ತಾನೂ ಬಾಗಬೇಕಾಗುತ್ತದೆ, ಅದನ್ನು ಕ್ಷಮಿಸಬೇಕೆಂದು ಬೇಡಿಕೊಂಡಾಗ, ಪ್ರವಾದಿ ಎಲೀಷನು ಅವನಿಗೆ ಸಮಾಧಾನದಿಂದ ಹೋಗು ಎಂದನು. ಆಗತಾನೇ ದೇವರನ್ನು ಅರಿತವನಿಗೆ ಹೇಳಿದ ಮಾತದು, ಎಲ್ಲರಿಗೂ ಪರವಾನಗಿಯಲ್ಲವೆಂದು ನೀವು ಹೇಳಬಹುದು. ನಾನೂ ಅಷ್ಟನ್ನು ಒಪ್ಪುತ್ತೇನೆ. ಆದರೂ ಪ್ರವಾದಿ ಅವನನ್ನು ಕೆಲಸ ಬಿಡು ಎನ್ನಲಿಲ್ಲ. ಮೇಜಿನ ಮೇಲೆ ಇಟ್ಟುಹೋದ ಕಡ್ಲೆಪುರಿಯನ್ನು ಒಬ್ಬರು ತಿಂದರೆ, ಇನ್ನೊಬ್ಬರು ತಿನ್ನದಿದ್ದರೆ, ಇಬ್ಬರೂ ಒಬ್ಬರನ್ನೊಬ್ಬರು ತೀರ್ಪುಮಾಡದೆ ಒಂದೇ ಸಭೆಯಲ್ಲಿ ಕುಳಿತುಕೊಳ್ಳಲಿ ಎಂಬುದೇ ರೋಮಾಪುರದವರಿಗೆ ಬರೆದ ಪತ್ರದ 14ನೆಯ ಅಧ್ಯಾಯದಿಂದ ನಾನು ತಿಳಿದುಕೊಂಡದ್ದು.

ಉತ್ತರ: ವಕೀಲ, ಧಾರವಾಡ

ಕಾನೂನಿನ ಕಡೆಯಿಂದ ಸ್ವಲ್ಪ. ಸಂವಿಧಾನದ 25ನೆಯ ಅನುಚ್ಛೇದವು ಸಾರ್ವಜನಿಕ ಸುವ್ಯವಸ್ಥೆ, ನೈತಿಕತೆ, ಆರೋಗ್ಯಗಳಿಗೆ ಒಳಪಟ್ಟು ಅಂತಃಸಾಕ್ಷಿಯ ಸ್ವಾತಂತ್ರ್ಯವನ್ನೂ ಧರ್ಮವನ್ನು ಅವಲಂಬಿಸುವ, ಆಚರಿಸುವ, ಪ್ರಸಾರ ಮಾಡುವ ಹಕ್ಕನ್ನೂ ಎಲ್ಲರಿಗೂ ಕೊಟ್ಟಿದೆ. 1986ರ ಬಿಜೋ ಇಮ್ಯಾನುಯೆಲ್ ಪ್ರಕರಣದಲ್ಲಿ, ರಾಷ್ಟ್ರಗೀತೆಯ ವೇಳೆ ಗೌರವದಿಂದ ಎದ್ದು ನಿಂತರೂ ವಿಶ್ವಾಸದ ಕಾರಣದಿಂದ ಹಾಡದೆ ಇದ್ದ ಕೇರಳದ ಮೂವರು ಶಾಲಾಮಕ್ಕಳನ್ನು ಹೊರಹಾಕಿದ್ದು ತಪ್ಪೆಂದು ಸುಪ್ರೀಂ ಕೋರ್ಟ್ ಹೇಳಿತು. ಗೌರವದಿಂದ ನಿಲ್ಲುವುದು ಬೇರೆ, ಪಾಲ್ಗೊಳ್ಳುವುದು ಬೇರೆ ಎಂಬ ಈ ವಿವೇಚನೆ ಪ್ರಶ್ನೆ ಕೇಳಿದವರಿಗೆ ಉಪಯುಕ್ತವಾದೀತು.

ಆದರೆ ಇದನ್ನು ಎಲ್ಲ ಕಡೆಗೂ ಹಿಗ್ಗಿಸಬಾರದು. ರೆಜಿಮೆಂಟಿನ ಧಾರ್ಮಿಕ ಪೆರೇಡಿನಲ್ಲಿ ಗರ್ಭಗುಡಿಯನ್ನು ಪ್ರವೇಶಿಸಲು ನಿರಾಕರಿಸಿದ ಕ್ರೈಸ್ತ ಸೇನಾಧಿಕಾರಿಯೊಬ್ಬರ ವಜಾ ಆದೇಶವನ್ನು ದೆಹಲಿ ಹೈಕೋರ್ಟ್ 2025ರ ಮೇ ತಿಂಗಳಲ್ಲಿ ಎತ್ತಿಹಿಡಿಯಿತು. ನವೆಂಬರಿನಲ್ಲಿ ಸುಪ್ರೀಂ ಕೋರ್ಟ್ ಕೂಡ ಮಧ್ಯಪ್ರವೇಶಿಸಲಿಲ್ಲ. ಸೇನೆಯ ಶಿಸ್ತಿನ ಮಾನದಂಡ ನಾಗರಿಕರದಕ್ಕಿಂತ ಬೇರೆ ಎಂಬುದು ಅಲ್ಲಿನ ಮುಖ್ಯ ತರ್ಕ. ಖಾಸಗಿ ಕಾರ್ಖಾನೆ ಸೇನೆಯಲ್ಲ. ಹಾಗೆಂದು ಮೂಲಭೂತ ಹಕ್ಕನ್ನು ಖಾಸಗಿ ಮಾಲೀಕರ ವಿರುದ್ಧ ನೇರವಾಗಿ ಜಾರಿಮಾಡಿಸುವುದೂ ಸುಲಭವಲ್ಲ. ಹೀಗಾಗಿ ಪೂಜೆಯ ದಿನ ಜನರೆದುರು ನಿರಾಕರಿಸುವ ಬದಲು ಮೊದಲೇ ಮ್ಯಾನೇಜರನ್ನು ಕಂಡು ಮಾತನಾಡುವುದು ಒಳಿತು.

ಕರಪತ್ರದ ಬಗ್ಗೆ ಹೇಳುವುದಾದರೆ, ಪ್ರಸಾರದ ಹಕ್ಕಿನಲ್ಲಿ ಇನ್ನೊಬ್ಬರನ್ನು ಮತಾಂತರಿಸುವ ಹಕ್ಕು ಸೇರಿಲ್ಲವೆಂದು 1977ರ ಸ್ಟೇನಿಸ್ಲಾಸ್ ಪ್ರಕರಣದಲ್ಲಿ ಸಂವಿಧಾನ ಪೀಠ ತೀರ್ಪು ಕೊಟ್ಟಿದೆ. ಆ ತೀರ್ಪಿನ ಬಗ್ಗೆ ವಿದ್ವಾಂಸರಲ್ಲಿ ಟೀಕೆಗಳಿವೆ, ನನಗೂ ಇವೆ. ಆದರೂ ಮೇಲಧಿಕಾರಿಯಾದವರು ತಮ್ಮ ಕೈಕೆಳಗಿನವರನ್ನು ಪ್ರಾರ್ಥನಾ ಕೂಟಕ್ಕೆ ಕರೆಯುವುದು ಯಾವ ಕಾನೂನಿಲ್ಲದಿದ್ದರೂ ತಪ್ಪು. ಸಂಬಳದ ಹೆಚ್ಚಳ ಯಾರ ಕೈಯಲ್ಲಿದೆಯೋ ಅವರ ಆಹ್ವಾನ ಬರಿಯ ಆಹ್ವಾನವಾಗಿ ಉಳಿಯುವುದಿಲ್ಲ. ಪೇತ್ರನ ಮೊದಲನೆಯ ಪತ್ರದ 3ನೆಯ ಅಧ್ಯಾಯ ನಿರೀಕ್ಷೆಗೆ ಆಧಾರವೇನೆಂದು ಕೇಳುವವರಿಗೆ ಉತ್ತರ ಕೊಡಲು ಸಿದ್ಧರಾಗಿರಿ ಎನ್ನುತ್ತದೆ, ಅದನ್ನೂ ಸಾತ್ವಿಕತ್ವದಿಂದ ಕೊಡಿರಿ ಎನ್ನುತ್ತದೆ. ಮೊದಲು ಅವರು ಕೇಳಬೇಕು.

ಉತ್ತರ: ಪ್ರೊಡಕ್ಷನ್ ಸೂಪರ್‌ವೈಸರ್, ತುಮಕೂರು

ನಾನು ಕ್ರೈಸ್ತನಲ್ಲ, ನಮ್ಮ ಶಾಪಿನಲ್ಲಿ ವರ್ಷವೂ ಆಯುಧ ಪೂಜೆಯ ಏರ್ಪಾಡು ಮಾಡುವವನು. ನಮ್ಮಲ್ಲಿ ಕ್ರೈಸ್ತ ವೆಲ್ಡರ್ ಒಬ್ಬರಿದ್ದಾರೆ. ಅವರು ಆರತಿ ಎತ್ತುವುದಿಲ್ಲ, ತಲೆ ಬಾಗುವುದಿಲ್ಲ. ಆದರೆ ಹಿಂದಿನ ದಿನ ಸಂಜೆ ಯಂತ್ರಗಳ ಎಣ್ಣೆಜಿಡ್ಡು ಉಜ್ಜುವಾಗ ಅವರೇ ಮುಂದು. ಪೂಜೆಯ ಹೊತ್ತಿನಲ್ಲಿ ಎಲ್ಲರ ಹಿಂದೆ ಚಪ್ಪಲಿ ಬಿಟ್ಟು ನಿಂತಿರುತ್ತಾರೆ, ಮಧ್ಯಾಹ್ನ ಊಟ ಬಡಿಸುತ್ತಾರೆ. ಯಾರಿಗೂ ಬೇಸರವಿಲ್ಲ. ಇನ್ನೊಬ್ಬರು, ಹಿಂದೆ ಇದ್ದವರು, ಆ ದಿನ ಹೇಳದೆ ಕೇಳದೆ ರಜೆ ಹಾಕಿ, ಮರುದಿನ ಬಂದು ಯಂತ್ರದ ಮೇಲಿನ ಕುಂಕುಮವನ್ನು ಎಲ್ಲರೂ ನೋಡುವಂತೆ ಬಟ್ಟೆಯಿಂದ ಒರೆಸುತ್ತಿದ್ದರು. ಅದು ನಮ್ಮನ್ನು ನೋಯಿಸಿತು. ಪಾಲ್ಗೊಳ್ಳದಿರುವುದನ್ನು ನಾವು ಸಹಿಸಬಲ್ಲೆವು, ತಿರಸ್ಕಾರವನ್ನು ಸಹಿಸಲಾರೆವು. ಆರತಿಯ ಬದಲು ಬೇರೆ ಯಾವ ಕೆಲಸವನ್ನು ಮಾಡುತ್ತೀರೆಂದು ನೀವಾಗಿಯೇ ಮೊದಲು ಹೇಳಿಬಿಡಿ.

ಉತ್ತರ: ವರ್ಕ್‌ಶಾಪ್ ಮಾಲೀಕ, ಹುಬ್ಬಳ್ಳಿ

ಇಲ್ಲಿಯವರೆಗೆ ಎಲ್ಲರೂ ನೌಕರರ ಬಗ್ಗೆಯೇ ಬರೆದಿದ್ದೀರಿ. ಕೆಲಸ ಕೊಡುವ ಕ್ರೈಸ್ತರ ಬಗ್ಗೆ ಯಾರೂ ಮಾತನಾಡಿಲ್ಲ. ಆ ಕಡೆಯಲ್ಲಿ ನಿಂತಿರುವ ನಾನು ಅದನ್ನು ಹೇಳಲೇಬೇಕು.

ಗೋಡೆಯ ಮೇಲೆ ವಾಕ್ಯದ ಕ್ಯಾಲೆಂಡರ್ ಹಾಕಿ, ಅಂಗಡಿಗೆ ಬೆತೆಲ್ ಎಂದೋ ಶಾಲೋಮ್ ಎಂದೋ ಹೆಸರಿಟ್ಟು, ಕೆಲಸಗಾರರ ಸಂಬಳದಿಂದ ಪಿ.ಎಫ್. ಹಿಡಿದು ಅದನ್ನು ಕಟ್ಟದೆ ಇರುವವರನ್ನು ನಾನು ಕಣ್ಣಾರೆ ಕಂಡಿದ್ದೇನೆ. ಪಿ.ಎಫ್.ಗೆ ನೌಕರನಿಂದ ಸಂಬಳದ ನೂರಕ್ಕೆ 12, ಮಾಲೀಕನಿಂದ 12, ಇ.ಎಸ್.ಐ.ಗೆ ನೌಕರನಿಂದ 0.75, ಮಾಲೀಕನಿಂದ 3.25. ಇವೆರಡನ್ನೂ ಮರುತಿಂಗಳ 15ನೆಯ ತಾರೀಖಿನೊಳಗೆ ಕಟ್ಟಬೇಕು. ಸಂಬಳದ ಚೀಟಿಯಲ್ಲಿ ಹಿಡಿದುಕೊಂಡದ್ದೆಂದು ಬರೆದಿರುತ್ತದೆ, ಖಾತೆಗೆ ಹೋಗಿರುವುದಿಲ್ಲ. ಆ ಕೆಲಸಗಾರನ ಮಗು ಆಸ್ಪತ್ರೆ ಸೇರಿದಾಗ ಇ.ಎಸ್.ಐ. ಕೌಂಟರಿನಲ್ಲಿ ಅವನ ಹೆಸರೇ ಇರುವುದಿಲ್ಲ.

ಹೊಲ ಕೊಯ್ದವರ ಕೂಲಿಯನ್ನು ಹಿಡಿದಿಟ್ಟರೆ ಆ ಕೂಲಿಯೇ ಕೂಗಿಕೊಳ್ಳುತ್ತದೆ, ಕೊಯ್ದವರ ಕೂಗು ಸೇನಾಧೀಶ್ವರನಾದ ಕರ್ತನ ಕಿವಿಗೆ ಬಿದ್ದಿದೆ ಎಂದು ಯಾಕೋಬನು ಬರೆದಿದ್ದಾನೆ. ಕಥೋಲಿಕ ಧರ್ಮಸಭೆಯಲ್ಲಿ 13ನೆಯ ಲಿಯೋ ಪೋಪರು 1891ರಲ್ಲಿಯೇ ಕಾರ್ಮಿಕರ ನ್ಯಾಯವಾದ ಕೂಲಿಯ ಬಗ್ಗೆ ವಿಶ್ವಪತ್ರ ಹೊರಡಿಸಿದರು. ನಮ್ಮ ಸಭೆಗಳಲ್ಲಿ ಸುಗ್ಗಿಹಬ್ಬದ ಹರಾಜಿನಲ್ಲಿ ಹೆಚ್ಚು ಕೂಗಿದವರನ್ನು ಹೊಗಳುತ್ತಾರೆ, ಅವರ ಕಾರ್ಖಾನೆಯ ಹಾಜರಿ ಪುಸ್ತಕದ ಬಗ್ಗೆ ಯಾರೂ ಕೇಳುವುದಿಲ್ಲ. ಕೇಳಬೇಕು. ಸುಂಕದವನಾದ ಜಕ್ಕಾಯನ ಮನೆಗೆ ರಕ್ಷಣೆ ಬಂದ ದಿನ ಅವನು ಮಾತನಾಡಿದ್ದು ಹಾಡಿನ ಬಗ್ಗೆಯಲ್ಲ, ಅನ್ಯಾಯವಾಗಿ ಕಿತ್ತುಕೊಂಡದ್ದನ್ನು ನಾಲ್ಕರಷ್ಟಾಗಿ ಹಿಂದಿರುಗಿಸುವ ಬಗ್ಗೆ.

ಪೀಣ್ಯದ ತಮ್ಮನಿಗೆ ಮಾಲೀಕನಾಗಿ ಒಂದು ಮಾತು. ತಿಂಗಳ ಕೊನೆಯ ಒತ್ತಡ ಸುಳ್ಳಲ್ಲ: ಬಿಲ್ ಆಗದಿದ್ದರೆ ನನ್ನ ಕೈಗೆ ದುಡ್ಡು ಬರುವುದಿಲ್ಲ, ಸಂಬಳ ತಡವಾಗುತ್ತದೆ. ಹಾಗಿದ್ದರೂ, ಸುಳ್ಳು ವರದಿಗೆ ಸಹಿ ಹಾಕದ ಇನ್ಸ್‌ಪೆಕ್ಟರ್ ನನ್ನಲ್ಲಿದ್ದರೆ ನಾನು ಅವರನ್ನು ಬಿಟ್ಟುಕೊಡುವುದಿಲ್ಲ, ಏಕೆಂದರೆ ಅಂಥವರ ಉಳಿದ ಸಹಿಗಳೆಲ್ಲ ನಿಜವೆಂದು ನನಗೆ ಗೊತ್ತಿರುತ್ತದೆ. ಎಲ್ಲ ಮಾಲೀಕರೂ ಹೀಗೆ ಯೋಚಿಸುತ್ತಾರೆಂದು ನಾನು ಭರವಸೆ ಕೊಡಲಾರೆ. ಕೆಲಸ ಹೋದರೂ ಹೋಗಬಹುದು. ಅದಕ್ಕಾಗಿ ನಿಮ್ಮ ಸಭೆಯವರು ಈಗಲೇ ನಿಮ್ಮ ಜೊತೆ ನಿಲ್ಲಬೇಕು. ಒಂದೆರಡು ತಿಂಗಳ ಕಂತಿನ ಹೊಣೆ ಹೊರುವಷ್ಟು ಸಭಾನಿಧಿ ಯಾವ ಊರಿನಲ್ಲಿಯೂ ಇರುತ್ತದೆ.

ಪ್ರಶ್ನೆ ಕೇಳಿದವರ ಮರುನುಡಿ: ಪೀಣ್ಯದ ಇನ್ಸ್‌ಪೆಕ್ಟರ್

ಎಲ್ಲರಿಗೂ ಕೃತಜ್ಞತೆಗಳು. ಬಿಸಿಯಲ್ಲಿ ಅಳೆಯುವ ವಿಷಯ ನಿಜವಾಗಿತ್ತು. ಪ್ರಾರ್ಥನೆ ಕೇಳಿದ್ದ ಅದೇ ಆಪರೇಟರ್ ಜೊತೆ ನಿಂತು, ಒಂದೇ ಶಾಫ್ಟನ್ನು ಯಂತ್ರದಿಂದ ತೆಗೆದ ಕೂಡಲೇ ಒಮ್ಮೆ, ತಣ್ಣಗಾದ ಮೇಲೆ ಒಮ್ಮೆ ಅಳೆದು ತೋರಿಸಿದೆ. ಅವರು ತಾವೇ ಇನ್ನೆರಡನ್ನು ಅಳೆದು ನೋಡಿದರು. ಅವರ ಹೆಂಡತಿಯ ಆಪರೇಷನ್ ಮುಂದಿನ ವಾರವಿದೆ. ರಕ್ತ ಕೊಡಲು ನಾನೂ ನಮ್ಮ ಯೌವನಸ್ಥರ ಕೂಟದ ಇಬ್ಬರೂ ಹೋಗುತ್ತೇವೆ, ಕರಪತ್ರದ ಮಾತಾಡಿದ ಗೆಳೆಯರೂ ಅವರಲ್ಲಿದ್ದಾರೆ. ಆಯುಧ ಪೂಜೆಯ ಬಗ್ಗೆ ಮ್ಯಾನೇಜರ ಬಳಿ ಮಾತನಾಡಿದೆ. ಗೇಜ್‌ಗಳನ್ನು ತೊಳೆದು ಜೋಡಿಸಿಕೊಡುವುದು ನನ್ನ ಪಾಲಿಗೆ, ಆರತಿ ಸ್ಟೋರ್ಸಿನವರ ಪಾಲಿಗೆ ಎಂದಾಯಿತು.

ಸಹಿಯ ವಿಷಯ ಮಾತ್ರ ಇನ್ನೂ ಇತ್ಯರ್ಥವಾಗಿಲ್ಲ. ಗ್ರಾಹಕರಿಗೆ ಬರೆದರೆ ಕಂಪನಿಯ ಹೆಸರು ಕೆಡುತ್ತದೆ ಎಂದು ಮೇಲಿನವರು ಹೇಳುತ್ತಿದ್ದಾರೆ. ಹಿರಿಯರೇ, ಆ ಡೀವಿಯೇಷನ್ ಪತ್ರದಲ್ಲಿ ಏನೇನು ಇರಬೇಕೆಂದು ತಿಳಿಸಿದರೆ ಕರಡು ಸಿದ್ಧಮಾಡಿಕೊಂಡು ಅವರ ಮುಂದೆ ಇಡುತ್ತೇನೆ.

ಉತ್ತರ: ನಿವೃತ್ತ ಕ್ವಾಲಿಟಿ ಎಂಜಿನಿಯರ್, ಬೆಂಗಳೂರು

ಬಿಡಿಭಾಗದ ಹೆಸರು, ಡ್ರಾಯಿಂಗ್ ಸಂಖ್ಯೆ, ಅದು ಎಷ್ಟನೆಯ ಪರಿಷ್ಕರಣೆ, ಲಾಟ್ ಸಂಖ್ಯೆ, ಒಟ್ಟು ಎಷ್ಟು, ಅಳತೆ ತಪ್ಪಿದವು ಎಷ್ಟು ಎಂಬುದನ್ನು ಮೇಲೆ ಬರೆಯಿರಿ. ಇರಬೇಕಾದ ಮಿತಿಯನ್ನೂ ಕಂಡುಬಂದ ಅಳತೆಯನ್ನೂ ಅಕ್ಕಪಕ್ಕದಲ್ಲಿ ಕೊಡಿ, ಏನನ್ನೂ ಮೃದುಗೊಳಿಸಬೇಡಿ. ಕಾರಣವನ್ನು ಒಂದು ವಾಕ್ಯದಲ್ಲಿ ಹೇಳಿ, ಅದು ಮತ್ತೆ ಆಗದಂತೆ ಏನು ಮಾಡಿದ್ದೀರೆಂಬುದನ್ನು ಇನ್ನೊಂದರಲ್ಲಿ ಹೇಳಿ. ತಣಿಸಿ ಅಳೆಯುವ ಪದ್ಧತಿ ಜಾರಿಗೆ ಬಂದ ದಿನಾಂಕವನ್ನು ಅಲ್ಲಿ ನಮೂದಿಸಿ. ಈ ಲಾಟಿಗೆ ಮಾತ್ರ ಒಪ್ಪಿಗೆ ಕೇಳುತ್ತಿದ್ದೇವೆಂದು ಸ್ಪಷ್ಟಪಡಿಸಿ. ಕಳೆದ ತಿಂಗಳು ಹೊರಟುಹೋದ ಲಾಟಿನ ಸಂಖ್ಯೆಯನ್ನೂ ಇದೇ ಪತ್ರದಲ್ಲಿ ತಿಳಿಸಬೇಕು. ಅದನ್ನು ಬಿಟ್ಟುಬಿಡಲು ನಿಮ್ಮ ಮೇಲಿನವರು ಖಂಡಿತ ಒತ್ತಾಯಿಸುತ್ತಾರೆ. ಆ ಶಾಫ್ಟ್‌ಗಳು ಇನ್ನೂ ಗ್ರಾಹಕರ ಸ್ಟೋರ್ಸಿನಲ್ಲಿಯೇ ಇದ್ದರೆ ಬೇರೆ ತೆಗೆದಿಡಬಹುದು, ಗೇರ್‌ಬಾಕ್ಸಿಗೆ ಕೂತ ಮೇಲೆ ಆಗುವುದಿಲ್ಲ ಎಂದು ಅವರಿಗೆ ಹೇಳಿ. ಹೆಸರು ಕೆಡುವ ಮಾತಿಗೆ ಉತ್ತರವೂ ಅದರಲ್ಲೇ ಇದೆ: ಸರಬರಾಜುದಾರರೇ ಮುಂದಾಗಿ ತಿಳಿಸಿದ ದೋಷವನ್ನೂ, ಲೈನ್ ನಿಂತ ಮೇಲೆ ಗ್ರಾಹಕರೇ ಕಂಡುಹಿಡಿದ ದೋಷವನ್ನೂ ಯಾವ ಖರೀದಿ ವಿಭಾಗವೂ ಒಂದೇ ರೀತಿ ನೋಡುವುದಿಲ್ಲ. ಕರಡನ್ನು ಬರೆದು ಇಲ್ಲಿ ಹಾಕಿ, ಕಂಪನಿಯ ಹೆಸರು ತೆಗೆದು. ನಾನು ನೋಡಿಕೊಡುತ್ತೇನೆ.